ಐಸ್ ಹೊರಗೆ, ಪಾನಕ ಒಳಗೆ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಒಂದು ಕೊಳಗದಲ್ಲಿ 20 ಲೀಟರ್ ಪಾನಕ ಇದೆ. ಅದರ ಉಷ್ಣತೆ 31 ಡಿಗ್ರಿ. ಗಂಟೆ ಮಧ್ಯಾಹ್ನ ಮೂರೂವರೆ. ಐದೂವರೆಗೆ ಎಪ್ಪತ್ತು ಜನ ಬರುತ್ತಾರೆ. ಮನೆಯಲ್ಲಿ ಕರೆಂಟ್ ಇಲ್ಲ. ಪಾನಕ ತಣ್ಣಗಾಗಬೇಕು. ಏನು ಮಾಡುತ್ತೀರಿ?

ಅಜ್ಜ ಅಜ್ಜಿಯರೂ ಯೋಚಿಸಬಹುದು. ಉತ್ತರ ಗೊತ್ತಿದ್ದರೆ ಮೊಮ್ಮಕ್ಕಳಿಗೆ ಈಗಲೇ ಹೇಳಿಬಿಡಬೇಡಿ.

ಇದು ಪುಸ್ತಕದ ಲೆಕ್ಕವಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ರಾಮನವಮಿಯ ದಿನ ನಡೆದದ್ದು. ನಮ್ಮ ಬೀದಿಯಲ್ಲಿ ರಾಮನವಮಿ ಎಂದರೆ ಸಂಜೆ ನಮ್ಮ ಮನೆ ಜಗಲಿಯಲ್ಲಿ ಪಾನಕ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ನಮ್ಮ ತಂದೆಯವರ ಕಾಲದಿಂದ ಬಂದದ್ದು. ಪ್ರತಿ ವರ್ಷ ನಮ್ಮಾಕೆ ಹಿಂದಿನ ರಾತ್ರಿಯೇ ಕಾಯಿಸಿ ಆರಿಸಿದ ನೀರನ್ನು ಪಾತ್ರೆಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಅದೇ ನೀರಿನಲ್ಲಿ ಬೆಲ್ಲ ಕರಗಿಸುತ್ತಾಳೆ. ಈ ಸಲ ಹಿಂದಿನ ಸಂಜೆಯೇ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಬರುತ್ತದೆ ಎಂದು ಕಾದೆವು. ಬರಲಿಲ್ಲ. ಪಾನಕವಂತೂ ತಯಾರಾಯಿತು: ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಒಂದೆರಡು ಕಾಳು ಮೆಣಸು. ಘಮಘಮ ಅನ್ನುತ್ತಿತ್ತು, ಆದರೆ ಬಾಯಿಗಿಟ್ಟರೆ ಕಷಾಯ.

ಮಜ್ಜಿಗೆಯ ಚಿಂತೆ ಇರಲಿಲ್ಲ. ಅದು ಬೆಳಿಗ್ಗೆಯಿಂದ ಮಣ್ಣಿನ ಮಡಕೆಯಲ್ಲಿತ್ತು, ಮಡಕೆಗೆ ಒದ್ದೆ ಬಟ್ಟೆ ಸುತ್ತಿತ್ತು, ಕಿಟಕಿಯ ಪಕ್ಕ ಗಾಳಿಯಲ್ಲಿ ಕೂತಿತ್ತು. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಬಿಸಿಯನ್ನು ಮಡಕೆಯಿಂದಲೇ ತೆಗೆದುಕೊಂಡು ಹೋಗುತ್ತದೆ. ಮೈಸೂರಿನ ಒಣ ಬೇಸಿಗೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಮಂಗಳೂರಿನಲ್ಲಿರುವ ನನ್ನ ಷಡ್ಡಕ ಅದೇ ಮಡಕೆ ಕೊಂಡುಹೋಗಿ, ನಿಮ್ಮೂರ ಮಡಕೆ ಕೆಲಸ ಮಾಡುವುದಿಲ್ಲ ಎಂದು ದೂರು ಹೇಳಿದ. ತಪ್ಪು ಮಡಕೆಯದಲ್ಲ. ಅಲ್ಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಇನ್ನಷ್ಟು ಆವಿಗೆ ಜಾಗ ಕಡಿಮೆ. ಏನೇ ಆದರೂ ಮಡಕೆಗೆ ಗಂಟೆಗಟ್ಟಲೆ ಸಮಯ ಬೇಕು. ನಮ್ಮ ಹತ್ತಿರ ಇದ್ದದ್ದು ಎರಡೇ ಗಂಟೆ.

ಮಗ ಸ್ಕೂಟರಿನಲ್ಲಿ ಹೋಗಿ ಐಸ್ ಫ್ಯಾಕ್ಟರಿಯಿಂದ 15 ಕಿಲೋ ಐಸ್ ತಂದ. ಗೋಣಿಚೀಲದಲ್ಲಿ ಸುತ್ತಿ, ಕಾಲ ಬಳಿ ಇಟ್ಟುಕೊಂಡು ಬಂದಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಬಂದವನೇ ಹಿತ್ತಲಲ್ಲಿ ಕುಟ್ಟಾಣಿ ಹಿಡಿದು ಐಸ್ ಒಡೆದ. ಒಂದು ದೊಡ್ಡ ತುಂಡು ಎತ್ತಿಕೊಂಡು ಕೊಳಗದ ಮುಚ್ಚಳ ತೆಗೆದ.

"ಹಾಕಬೇಡ!" ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಮೊಮ್ಮಗಳು ಪುಟ್ಟಿ ಅಡುಗೆಮನೆಯಿಂದ ಓಡಿಬಂದಳು. ನಮ್ಮಾಕೆ ಮಾತ್ರ ಕೋಸಂಬರಿಗೆ ಕಾಯಿ ತುರಿಯುತ್ತಿದ್ದವಳು ತಲೆ ಎತ್ತಲಿಲ್ಲ. ಅವಳಿಗೆ ಕಾರಣ ಗೊತ್ತು.

ಆ ಕಾರಣವನ್ನು ನಾನು ಈ ಅಂಕಣದಲ್ಲಿ ಇದುವರೆಗೆ ಬರೆದಿಲ್ಲ. 1979ರ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ. ಛತ್ರದಲ್ಲಿ ಷರಬತ್ತಿನ ಉಸ್ತುವಾರಿ ನನ್ನದು. ನಿಂಬೆ ಷರಬತ್ತಿನ ಎರಡು ಕೊಳಗ. ಬೀಗರು ಬಸ್ಸಿನಿಂದ ಇಳಿಯುವ ಹೊತ್ತಿಗೆ ಅದು ಬೆಚ್ಚಗಿತ್ತು. ನಾನು ಐಸ್ ದಿಮ್ಮಿ ತರಿಸಿದೆ. ಅದನ್ನು ಆಳುಗಳು ಗೋಣಿಯ ಮೇಲೆ ನೆಲದಲ್ಲಿ ಎಳೆದುಕೊಂಡು ಬಂದದ್ದನ್ನು ಕಣ್ಣಾರೆ ನೋಡಿದೆ. ಮೇಲೊಂದು ಚೆಂಬು ನೀರು ಹೊಯ್ದು, ಒಡೆದು, ಕೊಳಗಕ್ಕೆ ಹಾಕಿಸಿದೆ. ಎಲ್ಲರೂ ಹೊಗಳಿ ಹೊಗಳಿ ಕುಡಿದರು. ಆ ರಾತ್ರಿಯಿಂದ ವಾಂತಿ, ಭೇದಿ. ಮೂವತ್ತಕ್ಕೂ ಹೆಚ್ಚು ಜನ ಮಲಗಿದರು. ದೊಡ್ಡವರು ಎರಡು ದಿನದಲ್ಲಿ ಎದ್ದರು. ಆದರೆ ಭಾವನ ಅಣ್ಣನ ಮಗ, ಆರು ವರ್ಷದ ಹುಡುಗ, ಮೂರು ದಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಮೊದಲ ರಾತ್ರಿ ಅವನ ಕಣ್ಣು ಗುಳಿಬಿದ್ದು, ಕರೆದರೂ ಓಗೊಡುತ್ತಿರಲಿಲ್ಲ. ನಾನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಬೀಗರ ಕಡೆಯವರು ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗೊತ್ತಾಯಿತು, ಆ ಐಸ್ ಮೀನಿನ ಪೆಟ್ಟಿಗೆಗಳಿಗೆ ಹಾಕಲೆಂದು ಮಾಡಿದ್ದು. ಕುಡಿಯುವ ನೀರಿನಿಂದ ಮಾಡಿದ್ದೇ ಅಲ್ಲ. ನಾನು ವಿಜ್ಞಾನದ ಮೇಷ್ಟ್ರು! ಹೆಪ್ಪುಗಟ್ಟಿದರೆ ರೋಗಾಣುಗಳು ಸಾಯುವುದಿಲ್ಲ, ಬಹುಪಾಲು ಸುಮ್ಮನೆ ಕಾದು ಕೂತಿರುತ್ತವೆ, ಐಸ್ ಕರಗಿದೊಡನೆ ಎದ್ದುಕೊಳ್ಳುತ್ತವೆ ಎಂದು ತರಗತಿಯಲ್ಲಿ ಪಾಠ ಮಾಡಿದವನು. ಪಾಠ ಕಪ್ಪು ಹಲಗೆಯ ಮೇಲೆಯೇ ಉಳಿದಿತ್ತು.

ಇಷ್ಟನ್ನೂ ಮಗನಿಗೆ ಹೇಳುವಷ್ಟು ಸಮಯ ಇರಲಿಲ್ಲ. "ಐಸ್ ಪಾನಕದೊಳಗೆ ಬೀಳಕೂಡದು. ಪಾನಕವೇ ಐಸಿನೊಳಗೆ ಹೋಗಲಿ," ಅಂದೆ.

ಹಿತ್ತಲಿನಿಂದ ಬಟ್ಟೆ ನೆನೆಸುವ ಎರಡು ದೊಡ್ಡ ಟಬ್ ಬಂದವು. ಕೊಳಗವನ್ನೇ ಎತ್ತಿ ಇಡೋಣವೆಂದು ಮಗ ಅಂದ. ಬೇಡವೆಂದೆ. ಒಂದೇ ಕೊಳಗದಲ್ಲಿ 20 ಲೀಟರ್ ಇದ್ದರೆ ನಡುವಿನ ಪಾನಕ ಗೋಡೆಯಿಂದ ದೂರವೇ ಉಳಿಯುತ್ತದೆ. ಅದನ್ನೇ ನಾಲ್ಕು ಸ್ಟೀಲ್ ಬಿಂದಿಗೆಗೆ ಹಂಚಿದರೆ ಐಸಿಗೆ ತಾಗುವ ಗೋಡೆ ಹೆಚ್ಚಾಗುತ್ತದೆ. ಸಾರು ಬೇಗ ಆರಲಿ ಎಂದು ತಟ್ಟೆಗೆ ಸುರಿದುಕೊಳ್ಳುತ್ತೀರಲ್ಲ, ಅದೇ ಉಪಾಯ. ಪ್ಲಾಸ್ಟಿಕ್ ಕೊಡ ಬೇಡ, ಅದರ ಗೋಡೆಯ ಮೂಲಕ ಬಿಸಿ ಬೇಗ ಹಾಯುವುದಿಲ್ಲ. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಆಗಬಹುದು. ಆದರೆ ಪಾನಕದಲ್ಲಿ ನಿಂಬೆಹುಳಿ ಇರುವುದರಿಂದ ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ, ಅಲ್ಯೂಮಿನಿಯಮ್ಮೂ ಬೇಡ. ಸ್ಟೀಲೇ ಸರಿ.

ಬಿಂದಿಗೆಗಳ ಸುತ್ತ ಐಸ್ ತುಂಬಿದೆವು. ನನ್ನ ಹತ್ತಿರ ಶಾಲೆಯ ದಿನಗಳ ಒಂದು ಥರ್ಮಾಮೀಟರ್ ಇದೆ, ಮೈನಸ್ 10ರಿಂದ 110 ಡಿಗ್ರಿಯವರೆಗೆ ತೋರಿಸುವಂಥದ್ದು. (ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ದಯವಿಟ್ಟು ಅಜ್ಜಿಯ ಪೆಟ್ಟಿಗೆಯಿಂದ ಅದನ್ನು ಕದಿಯಬೇಡಿ.) ಪುಟ್ಟಿ ಕಾಗದ ಪೆನ್ಸಿಲ್ ಹಿಡಿದು ಕೂತಳು. ಕಾಲು ಗಂಟೆ ಆದ ಮೇಲೆ ನೋಡಿದರೆ 27! ಬರೀ ನಾಲ್ಕು ಡಿಗ್ರಿ ಇಳಿದಿತ್ತು. ಹೀಗೇ ಹೋದರೆ ಜನ ಬರುವ ಹೊತ್ತಿಗೂ ಪಾನಕ ಬೆಚ್ಚಗೇ ಇರುತ್ತದೆ. ಮಗ ನನ್ನ ಮುಖ ನೋಡಿದ. ಆ ನೋಟದ ಅರ್ಥ, ಸುಮ್ಮನೆ ಒಳಗೆ ಹಾಕಿದ್ದರೆ ಆಗಿಹೋಗುತ್ತಿತ್ತು ಎಂದು.

ತಪ್ಪು ನನ್ನದೇ. ಆತುರದಲ್ಲಿ ಎರಡು ಸಂಗತಿ ಮರೆತಿದ್ದೆ. ಐಸಿನ ತುಂಡು ಬಿಂದಿಗೆಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತದೆ. ಉಳಿದ ಜಾಗದಲ್ಲೆಲ್ಲ ಗಾಳಿ. ಗಾಳಿ ಬಿಸಿಯನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು.

"ಎರಡು ಬಕೆಟ್ ನಲ್ಲಿ ನೀರು ತಾ," ಅಂದೆ.

"ತಾತ, ನೀರು ಹಾಕಿದ್ರೆ ಐಸೆಲ್ಲ ಕರಗಿಹೋಗಲ್ವಾ?" ಪುಟ್ಟಿಯ ಪ್ರಶ್ನೆ.

"ಕರಗಲಿ. ಕರಗಿದರೇ ತಣ್ಣಗಾಗೋದು."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳೇ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಬೇಕು. ಇಷ್ಟೊಂದು ಶಾಖವನ್ನು ಅದು ಎಲ್ಲಿಂದ ತರುತ್ತದೆ? ಪಕ್ಕದಲ್ಲಿ ಯಾರಿದ್ದಾರೋ ಅವರಿಂದಲೇ. ಪಕ್ಕದಲ್ಲಿ ಪಾನಕ ಇದ್ದರೆ ಪಾನಕದಿಂದ. ಒಂದು ಕಿಲೋ ಐಸ್ ಕರಗಿದರೆ ನಾಲ್ಕು ಲೀಟರ್ ನೀರನ್ನು 20 ಡಿಗ್ರಿ ಇಳಿಸಬಲ್ಲದು: 80 ಅನ್ನು 20ರಿಂದ ಭಾಗಿಸಿ, ನಾಲ್ಕು ಬಂತಲ್ಲ? ಹಾಗಾದರೆ ನಮ್ಮ 20 ಲೀಟರಿಗೆ ಐದು ಕಿಲೋ. ಮತ್ತೆ 15 ಕಿಲೋ ಯಾಕೆ? ಟಬ್ಬಿಗೆ ಹಾಕಿದ ನಲ್ಲಿ ನೀರನ್ನೂ ಅದೇ ತಣಿಸಬೇಕು, ಬಿಂದಿಗೆ, ಟಬ್ಬು, ಸುತ್ತಲಿನ ಏಪ್ರಿಲ್ ಬಿಸಿಲು ಎಲ್ಲವೂ ಪಾಲು ಕೇಳುತ್ತವೆ, ಸ್ಕೂಟರಿನ ಮೇಲೇ ಮಗನ ಪ್ಯಾಂಟಿಗೆ ಸ್ವಲ್ಪ ಹೋಗಿರುತ್ತದೆ. ಬೇಕಾದದ್ದರ ಎರಡರಷ್ಟು, ಮೂರರಷ್ಟು ತರುವುದು ವಾಸಿ.

ನೀರು ಹಾಕಿದೆವು. ಆಮೇಲೆ ಕಲ್ಲುಪ್ಪು, ಟಬ್ಬಿಗೆ ಒಂದೊಂದು ಕಿಲೋ. ನಮ್ಮಾಕೆ ಡಬ್ಬಿ ಖಾಲಿಯಾದದ್ದಕ್ಕೆ, "ರೀ, ಉಪ್ಪಿನಕಾಯಿಗೆ ತರಿಸಿದ್ದು ಅದು," ಅಂದಳು, ಆದರೆ ಕೊಟ್ಟಳು.

ಉಪ್ಪು ಯಾಕೆಂದರೆ, ಬರೀ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಅದರ ನೀರೂ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಉಪ್ಪು ಬೆರೆತರೆ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತಲೇ ಇರುತ್ತದೆ, ಕರಗಲು ಬೇಕಾದ ಬಿಸಿಯನ್ನು ಸುತ್ತಲಿನಿಂದ ಕೀಳುತ್ತಲೇ ಇರುತ್ತದೆ. ಐಸ್ ಮತ್ತು ಉಪ್ಪನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮೈನಸ್ 21 ಡಿಗ್ರಿಯವರೆಗೂ ಇಳಿಸಬಹುದು. ಕುಲ್ಫಿ ಮಾರುವವರ ಮಡಕೆಯಲ್ಲಿ, ಕೈಯಿಂದ ತಿರುಗಿಸುವ ಹಳೆಯ ಐಸ್‌ಕ್ರೀಮ್ ಪೀಪಾಯಿಯಲ್ಲಿ ಇದೇ ಕೆಲಸ. ನಮ್ಮ ಟಬ್ಬಿನಲ್ಲಿ ಥರ್ಮಾಮೀಟರ್ ಮೈನಸ್ 4 ತೋರಿಸಿತು. ಇಷ್ಟು ತಣ್ಣನೆಯ ಉಪ್ಪುನೀರಿನಲ್ಲಿ ಕೈ ಮುಳುಗಿಸಿ ಆಟವಾಡಬಾರದು, ಚರ್ಮ ಸುಟ್ಟ ಹಾಗೆ ಆಗುತ್ತದೆ. ಪುಟ್ಟಿಗೆ ಉದ್ದ ಹಿಡಿಯ ಸೌಟು ಕೊಟ್ಟೆ.

ನಾನು ಮರೆತಿದ್ದ ಎರಡನೆಯ ಸಂಗತಿಗೂ ಆ ಸೌಟೇ ಬೇಕಿತ್ತು. ಕಲಕಬೇಕು. ಸುಮ್ಮನೆ ಬಿಟ್ಟರೆ ಬಿಂದಿಗೆಯ ಗೋಡೆ ಪಕ್ಕದ ಪಾನಕ ತಣ್ಣಗಾಗಿ, ನಡುವಿನದು ಬೆಚ್ಚಗೇ ಇರುತ್ತದೆ. ಒಳಗೆ ಕಲಕಲು ಶುಚಿಯಾದ ಸೌಟು, ಹೊರಗೆ ಟಬ್ಬಿನ ನೀರು ಕದಡಲು ಒಂದು ಕೋಲು. ಎರಡನ್ನೂ ಅದಲು ಬದಲು ಮಾಡಕೂಡದು. ಪುಟ್ಟಿ ಒಳಗಿನವಳು, ಅವರಪ್ಪ ಹೊರಗಿನವನು.

ಈ ವಿದ್ಯೆ ನಮ್ಮದಲ್ಲ, ಬಹಳ ಹಳೆಯದು. ಅಕ್ಬರ್ ಬಾದಶಹನ ಅರಮನೆಯ ವಿವರಗಳನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ನೀರು ತಣಿಸಲು ಬಳಸುತ್ತಿದ್ದದ್ದು ಪೆಟ್ಲುಪ್ಪು, ಎಂದರೆ ಸಿಡಿಮದ್ದಿಗೆ ಹಾಕುವ ಉಪ್ಪು. ಒಂದು ಸೇರು ಕುಡಿಯುವ ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಮುಚ್ಚುವುದು. ಇನ್ನೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕುವುದು. ಅದರಲ್ಲಿ ಹೂಜಿಯನ್ನು ಕಾಲು ಗಂಟೆ ಆಡಿಸುತ್ತಿರುವುದು. ಐಸೇ ಇಲ್ಲ! ಪೆಟ್ಲುಪ್ಪು ನೀರಿನಲ್ಲಿ ಕರಗುವಾಗಲೇ ಬಿಸಿಯನ್ನು ಹೀರಿಕೊಳ್ಳುತ್ತದೆ. ನೋಡಿ, ಬಾದಶಹನ ಆಳುಗಳಿಗೆ ಮೂರೂ ಗೊತ್ತಿತ್ತು: ಲೋಹದ ಪಾತ್ರೆ, ಸುತ್ತ ನೀರು, ಕೈ ನಿಲ್ಲಿಸದೆ ಆಡಿಸುವುದು. ಕುಡಿಯುವ ನೀರಿಗೆ ಬೇರೇನೂ ಬೆರೆಯದಂತೆ ಬಾಯಿ ಮುಚ್ಚುವುದೂ ಗೊತ್ತಿತ್ತು. ನಾಲ್ಕು ನೂರು ವರ್ಷ ಕಳೆದ ಮೇಲೆ ನಾನು 1979ರಲ್ಲಿ ಅದನ್ನು ಮರೆತೆ. ಅಂದ ಹಾಗೆ, ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಐಸ್ ಹೇರಿಕೊಂಡು 1833ರಲ್ಲಿ ಕಲ್ಕತ್ತೆಗೆ ತಂದರು, ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕಳಿಸಿದ್ದು. ಆಮೇಲೆ ಮದ್ರಾಸಿಗೂ ಬರತೊಡಗಿತು. ಅದನ್ನು ಕೂಡಿಡುತ್ತಿದ್ದ ಐಸ್ ಹೌಸ್ ಕಟ್ಟಡ ಚೆನ್ನೈನ ಸಮುದ್ರ ದಂಡೆಯ ಎದುರು ಇಂದಿಗೂ ಇದೆ, ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ. ರಜೆಯಲ್ಲಿ ಹೋದರೆ ನೋಡಿ.

ಸರಿ, ನಮ್ಮ ಹಿತ್ತಲಿಗೆ ಬರೋಣ. ಮೂರು ಬಿಂದಿಗೆ ತುಂಬಿತ್ತು, ಆರಾರು ಲೀಟರ್. ನಾಲ್ಕನೆಯದರಲ್ಲಿ ಮಿಕ್ಕ ಎರಡೇ ಲೀಟರ್. ನೀರು ಹಾಕಿದ ಮೇಲೆ ಆ ಹಗುರ ಬಿಂದಿಗೆ ತೇಲತೊಡಗಿತು. ನಾವು ಗಮನಿಸಲಿಲ್ಲ. ಪುಟ್ಟಿ ಪಕ್ಕದ ಬಿಂದಿಗೆ ಕಲಕುವಾಗ ಅವಳ ಮೊಣಕೈ ತಾಗಿ ಅದು ಹಾಗೇ ವಾಲಿತು, ಗುಳಗುಳ ಎಂದು ಉಪ್ಪುನೀರು ಒಳಗೆ ಹೋಯಿತು. ಹುಡುಗಿಯ ಕಣ್ಣಲ್ಲಿ ನೀರು. ನಾನು ಆ ಬಿಂದಿಗೆಯನ್ನು ಎತ್ತಿ ಬಚ್ಚಲಿಗೆ ಸುರಿದೆ.

"ಸ್ವಲ್ಪ ಉಪ್ಪುಪ್ಪಾದ್ರೆ ಏನು ತಾತ, ಮಜ್ಜಿಗೆಗೂ ಉಪ್ಪು ಹಾಕ್ತೀವಲ್ಲ?" ಅಂದಳು, ಎರಡು ಲೀಟರ್ ಹೋಗಿದ್ದಕ್ಕೆ ಸಂಕಟವಾಗಿ.

"ಉಪ್ಪಿನ ಮಾತಲ್ಲ ಪುಟ್ಟೀ, ಅದರ ಜತೆ ಹೋದ ಐಸ್ ನೀರಿನ ಮಾತು," ಅಂದೆ. ಆಗ ಅವಳಿಗೆ ಆ ಹುಡುಗನ ಕತೆ ಹೇಳಿದೆ. ಅವಳು ಕಲಕುವುದನ್ನು ನಿಲ್ಲಿಸಲಿಲ್ಲ, ಕೇಳುತ್ತಲೇ ಕಲಕಿದಳು. ಆಮೇಲೆ ತಾನಾಗಿಯೇ ಒಳಗೆ ಹೋಗಿ, ಬಿಂದಿಗೆಗಳ ಬಾಯಿಗೆ ಕಟ್ಟಲು ಮೂರು ಒಗೆದ ಬಿಳಿ ಬಟ್ಟೆ ತಂದಳು, ಕಲಕುವಾಗ ಮಾತ್ರ ಬಿಚ್ಚುವುದೆಂದು. ಟಬ್ಬಿನ ನೀರು ಬಿಂದಿಗೆಯ ಕುತ್ತಿಗೆಗಿಂತ ನಾಲ್ಕು ಬೆರಳು ಕೆಳಗಿರುವಂತೆ ಅವರಪ್ಪನಿಂದ ಒಂದು ಚೆಂಬು ತೆಗೆಸಿದಳು. ನಾನು ಹೇಳಿದ್ದಲ್ಲ ಇದು.

ನೀರು, ಉಪ್ಪು, ಸೌಟು ಸೇರಿ ಇಪ್ಪತ್ತು ನಿಮಿಷ. ಪುಟ್ಟಿಯ ಕಾಗದದಲ್ಲಿ ಹೀಗಿತ್ತು: 27, 22, 18, 14, 12. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಇನ್ನೂ ಇಳಿಸೋಣವೆಂದು ಅವಳು. ಸಾಕು ಅಂದೆ. ಬರುವವರಲ್ಲಿ ಅರ್ಧ ಜನ ನನ್ನ ವಯಸ್ಸಿನವರು, ಹಲ್ಲು ಝುಂ ಅನ್ನುತ್ತದೆ. ತೀರಾ ತಣ್ಣಗಾದರೆ ಬೆಲ್ಲದ ಸಿಹಿಯೂ ನಾಲಿಗೆಗೆ ಸರಿಯಾಗಿ ಹತ್ತುವುದಿಲ್ಲ.

ಬಿಂದಿಗೆಗಳನ್ನು ಎತ್ತಿ, ಹೊರಮೈ ಒರೆಸಿ, ತಳವನ್ನೂ ತೊಳೆದು, ಜಗಲಿಗೆ ತಂದೆವು. ಬಗ್ಗಿಸುವಾಗ ತಳದ ಉಪ್ಪುನೀರು ಲೋಟಕ್ಕೆ ಇಳಿಯಬಾರದಲ್ಲ. ಹಳೆಯ ಕಂಬಳಿ ಸುತ್ತಿದೆ. "ಕಂಬಳಿ ಹೊದಿಸಿದ್ರೆ ಬಿಸಿಯಾಗುತ್ತಲ್ಲ!" ಎಂದು ಪುಟ್ಟಿ ನಕ್ಕಳು. ಕಂಬಳಿಗೆ ತನ್ನದೇ ಬಿಸಿ ಇಲ್ಲ. ಒಳಗಿನ ಬಿಸಿ ಹೊರಗೆ ಹೋಗದಂತೆ, ಹೊರಗಿನ ಬಿಸಿ ಒಳಗೆ ಬಾರದಂತೆ ತಡೆಯುವುದಷ್ಟೇ ಅದರ ಕೆಲಸ. ಚಳಿಯಲ್ಲಿ ನಮ್ಮನ್ನು ಕಾಯುತ್ತದೆ, ಬಿಸಿಲಿನಲ್ಲಿ ಬಿಂದಿಗೆಯನ್ನು ಕಾಯುತ್ತದೆ. ನಂಬದಿದ್ದರೆ ಎರಡು ಸ್ಟೀಲ್ ಲೋಟದಲ್ಲಿ ತಣ್ಣೀರು ಹಾಕಿ, ಒಂದಕ್ಕೆ ಉಣ್ಣೆಯ ಟೋಪಿ ತೊಡಿಸಿ, ಅರ್ಧ ಗಂಟೆ ಬಿಟ್ಟು ಬೆರಳಿಟ್ಟು ನೋಡಿ.

ಇಂಥ ಹೊತ್ತಿನಲ್ಲಿ ಕೆಲವರು ಮಾಡುವ ಇನ್ನೊಂದು ಕೆಲಸ ಇದೆ. ಗಾಜಿನ ಬಾಟಲಿಯ ತುಂಬ ಪಾನಕ ಹಾಕಿ ಫ್ರೀಜರಿನಲ್ಲಿಟ್ಟು ಮರೆತುಬಿಡುವುದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಬಾಟಲಿ ಒಡೆಯುತ್ತದೆ. ಮನೆಯಲ್ಲೇ, ಕುಡಿಯುವ ನೀರಿನಿಂದ, ತೊಳೆದ ಟ್ರೇಯಲ್ಲಿ ಮಾಡಿದ ಐಸ್ ಇದ್ದರೆ ಅದನ್ನು ಲೋಟಕ್ಕೆ ಧಾರಾಳವಾಗಿ ಹಾಕಬಹುದು. ಆಗ ಪಾನಕವನ್ನು ಸ್ವಲ್ಪ ಗಟ್ಟಿಯಾಗಿ, ಸಿಹಿ ಮುಂದಾಗಿ ಮಾಡಿಕೊಳ್ಳಿ. ಕರಗಿದ ಮೇಲೆ ಹದಕ್ಕೆ ಬರುತ್ತದೆ.

ಐದೂವರೆಗೆ ಜನ ಬಂದರು. ಕರೆಂಟ್ ಬಂದಿರಲಿಲ್ಲ, ದೀಪ ಹಚ್ಚಿದ್ದೆವು. ಬಂದವರಲ್ಲಿ ಆ ಹುಡುಗನೂ ಇದ್ದ. ಹುಡುಗ ಎಂದೆ, ಈಗ ಅವನಿಗೆ ಐವತ್ತು ದಾಟಿದೆ, ತಲೆ ಪೂರಾ ಬೆಳ್ಳಗಾಗಿದೆ. ಮೈಸೂರಿನಲ್ಲೇ ಕೆಲಸ, ಪ್ರತಿ ರಾಮನವಮಿಗೂ ಹೆಂಡತಿ ಮಕ್ಕಳ ಜತೆ ಬರುತ್ತಾನೆ. ಬಂದಾಗಲೆಲ್ಲ ಲೋಟ ಹಿಡಿದು ಒಂದೇ ಪ್ರಶ್ನೆ, "ಮಾವ, ಐಸ್ ಹಾಕಿಲ್ಲ ತಾನೆ?" ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವನು ತಮಾಷೆಗೇ ಕೇಳುವುದು. ನನಗೆ ಮಾತ್ರ ಪ್ರತಿ ವರ್ಷ ಆ ವರಾಂಡದ ಬೆಂಚು ನೆನಪಾಗುತ್ತದೆ.

ಈ ಸಲ ನಾನು ಉತ್ತರ ಕೊಡುವ ಮೊದಲೇ ಪುಟ್ಟಿ ಮುಂದೆ ಬಂದಳು. "ಹಾಕಿಲ್ಲ ಮಾಮ. ನೋಡಿ," ಎಂದು ತನ್ನ ಕಾಗದ ತೋರಿಸಿದಳು. ಅವನು ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಓದಿದ. ಲೋಟ ಖಾಲಿ ಮಾಡಿ, ಇನ್ನೊಂದು ಲೋಟಕ್ಕೆ ಕೈ ಚಾಚಿದ.

ರಾತ್ರಿ ಎಲ್ಲ ಮುಗಿದ ಮೇಲೆ ಟಬ್ಬಿನ ನೀರನ್ನು ಎತ್ತಿಕೊಂಡು ಹೋಗಿ ದಾಸವಾಳದ ಬುಡಕ್ಕೆ ಸುರಿಯಲು ಬಗ್ಗಿದೆ. "ರೀ, ಅದು ಉಪ್ಪುನೀರು!" ನಮ್ಮಾಕೆ ಹಿಂದಿನಿಂದ ಕೂಗಿದಳು. ಮೋರಿಗೆ ಚೆಲ್ಲಿದೆ.